ಕೆರೆಯೊಳಗೆ ಎಳೆದ ರಸ್ತೆ

ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನನ್ನ ಮೇಜಿಗೆ ಬಂದ ಅಷ್ಟೂ ದಾರಿಗಳಲ್ಲಿ ನೇರವಾಗಿದ್ದದ್ದು ಅದೊಂದೇ. ಜಹೀರಾಬಾದಿನ ಆಚೆ, ಕರ್ನಾಟಕದ ಗಡಿಗೆ ಹತ್ತಿರದ ಒಂದು ಹಳ್ಳಿಯಿಂದ ಕಬ್ಬಿನ ಹೊಲಗಳಿಗೆ ಹೋಗುವ ದಾರಿ. ಉದ್ದ ಎರಡು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ತಿರುವಿಲ್ಲ, ಮೋರಿ ಬೇಡ, ಯಾರ ಪಟ್ಟಾ ಜಮೀನಿಗೂ ತಾಗುವುದಿಲ್ಲ. ಎಸ್ಟಿಮೇಟ್ ಸಲೀಸು, ತಂಟೆ ತಕರಾರು ಇಲ್ಲ ಎಂದು ಖುಷಿಪಟ್ಟು ಸಹಿ ಹಾಕಿದೆ. ಹೊಲದ ದಾರಿ ಎಲ್ಲಾದರೂ ಇಷ್ಟು ನೇರ ಇರುತ್ತದೆಯೇ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆ ದಿನ ನನಗೆ ಇರಲಿಲ್ಲ.

ನನ್ನ ಕೆಲಸ ಇಷ್ಟು. ಹೊಲಗಳಿಗೆ ಹೋಗುವ ಬಂಡಿದಾರಿಗಳನ್ನು ಸುಧಾರಿಸಲು ಸರ್ಕಾರ ಅನುದಾನ ಕೊಡುತ್ತದೆ. ಜಿಲ್ಲೆಗಳಿಂದ ಪ್ರಸ್ತಾವಗಳು ಹೈದರಾಬಾದಿನ ನಮ್ಮ ಕಚೇರಿಗೆ ಬರುತ್ತವೆ. ಅಲ್ಲಿಯ ಎಂಜಿನಿಯರು ಜೀಪಿನಲ್ಲಿ ಫೋನ್ ಇಟ್ಟುಕೊಂಡು ದಾರಿಯುದ್ದಕ್ಕೂ ಹೋಗಿ, ಹೋದ ಗೆರೆಯನ್ನು ಜಿಪಿಎಸ್‌ನಲ್ಲಿ ದಾಖಲಿಸಿ ಕಳಿಸುತ್ತಾರೆ. ನಾನು ಆ ಗೆರೆಯನ್ನು ಉಪಗ್ರಹದ ಚಿತ್ರದ ಮೇಲೆ ಇಟ್ಟು ನೋಡಬೇಕು. ದಾರಿ ನಿಜವಾಗಿಯೂ ಇದೆಯೇ, ಜನ ಮೊದಲಿನಿಂದ ಬಳಸುತ್ತಿರುವುದೇ, ಎಷ್ಟು ಹೊಲಗಳನ್ನು ಮುಟ್ಟುತ್ತದೆ ಎಂದು ನೋಡಿ ದೃಢೀಕರಿಸಬೇಕು. ನಾನು ಒಪ್ಪಿದ ಗೆರೆಯೇ ಮಂಜೂರಾತಿ ಆದೇಶದ ಜೊತೆ ಹೋಗುತ್ತದೆ. ಒಮ್ಮೆ ಹೋದ ಮೇಲೆ ಅದನ್ನು ಒಂದು ಮಾರು ಕದಲಿಸಬೇಕೆಂದರೂ ಮೇಲಿನವರ ಅಪ್ಪಣೆ ಬೇಕು.

ಮೊದಲು ಆ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಒಬ್ಬರು ನೋಡಿದ ನಕ್ಷೆಯನ್ನು ಇನ್ನೊಬ್ಬರು ಮತ್ತೊಮ್ಮೆ ನೋಡುವ ಪದ್ಧತಿ ಇತ್ತು. ಕಾಗದದ ಕೆಳಗೆ ‘ನೋಡಿದವರು’, ‘ಮರುಪರಿಶೀಲಿಸಿದವರು’ ಎಂದು ಎರಡು ಸಹಿಯ ಜಾಗ. ರಾಜ್ಯ ಎರಡಾದಾಗ ಇಬ್ಬರು ಆ ಕಡೆಗೆ ಹೋದರು. ಉಳಿದವರೊಬ್ಬರು ನಿವೃತ್ತರಾದರು. ಖಾಲಿ ಹುದ್ದೆಗಳು ಖಾಲಿಯಾಗಿಯೇ ಉಳಿದವು, ಮೇಜುಗಳೂ ಉಳಿದವು. ಅಂದಿನಿಂದ ಎರಡೂ ಜಾಗದಲ್ಲಿ ನನ್ನದೇ ಸಹಿ. ನನ್ನ ತಪ್ಪನ್ನು ನಾನೇ ಎರಡು ಸಲ ಸರಿ ಎನ್ನುತ್ತಿದ್ದೆ, ಅಷ್ಟೇ. ಇದನ್ನು ಹೇಳಿ ನಕ್ಕುಬಿಡಲೂ ಎದುರಿಗೆ ಯಾರೂ ಇರಲಿಲ್ಲ.

ನಾನು ಸನತ್‌ನಗರದಲ್ಲಿ ಇರುತ್ತೇನೆ. ಅಪ್ಪ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರು. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಬಸ್ಸಿನಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು, ತರಕಾರಿಯವನ ಹತ್ತಿರ ಹಿಂದಿ. ವಾರಗಟ್ಟಲೆ ಕನ್ನಡದ ಒಂದು ಮಾತೂ ಬಾಯಿಂದ ಹೊರಡದ ದಿನಗಳಿದ್ದವು. ಆ ವರ್ಷ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಬಡ್ತಿ ಬಂದರೆ ಸಂಗಾರೆಡ್ಡಿಯ ಜಿಲ್ಲಾ ಕಚೇರಿ. ಅಲ್ಲಿ ಎಂಟು ಹತ್ತು ಜನ ಒಟ್ಟಿಗೆ ಕೂತು ಊಟದ ಡಬ್ಬಿ ಬಿಚ್ಚುತ್ತಾರೆಂದು ಕೇಳಿದ್ದೆ. ಸಂಬಳಕ್ಕಿಂತ ಆ ಡಬ್ಬಿಗಳ ಮೇಲೆಯೇ ನನಗೆ ಹೆಚ್ಚು ಆಸೆ ಇತ್ತು ಎಂದರೆ ನಗಬೇಡಿ.

ಜುಲೈಯಲ್ಲಿ ಮಂಜೂರಾತಿ ಆಯಿತು. ಆಗಸ್ಟಿನ ಒಂದು ಮಧ್ಯಾಹ್ನ ಕೋಣೆಯ ಫೋನ್ ಹೊಡೆದುಕೊಂಡಿತು. ಒಬ್ಬ ಹೆಂಗಸು, ರಸ್ತೆಯ ಆಫೀಸೇ ಎಂದು ತೆಲುಗಿನಲ್ಲಿ ಕೇಳಿದಳು. ಮಂಜೂರಾತಿ ಪತ್ರದ ಮೇಲೆ ನಂಬರ್ ಇತ್ತಂತೆ. ಊರಿನ ಹೆಸರು ಹೇಳಿ, ಹೇಗೆ ವಿವರಿಸಬೇಕೆಂದು ತಿಳಿಯದೆ, ತನ್ನಷ್ಟಕ್ಕೆ “ಹ್ಯಾಂಗ ಹೇಳ್ಲಿ ಈಗ” ಎಂದು ಗೊಣಗಿದಳು.

“ನೀವು ಕನ್ನಡದವ್ರೇನ್ರಿ?” ಎಂದೆ.

“ಅಯ್ಯ, ಹೌದ್ರಿ! ತವರುಮನಿ ಬೀದರ್ ಕಡಿದ್ರಿ. ನೀವೂ ನಮ್ಮ ಮಂದೀನೇ ಏನ್ರಿ?”

“ನಮ್ಮದು ವಿಜಾಪುರ ಕಡೀರಿ. ಹೇಳ್ರಿ, ಏನಾಗೇತಿ?”

“ರೋಡಿಗಿ ಅಂತ ಕೆಂಪು ಬಣ್ಣದ ಕಲ್ಲು ನಟ್ಟಾರಲ್ರಿ ಮೇಡಂ, ಅವು ಈಗ ನೀರಾಗ ಅವರಿ. ನಡುವಿನವು ತುದಿ ಅಷ್ಟೇ ಕಾಣ್ತಾವ. ಕೆರಿ ತುಂಬ್ಯಾದ್ರಿ.”

ಕನ್ನಡ ಕೇಳಿದ ಖುಷಿ ಅಲ್ಲಿಗೇ ಆರಿತು. ನೋಡುತ್ತೇನೆ ಎಂದು ಹೇಳಿ ಫೋನಿಟ್ಟೆ. ಆ ಗೆರೆಗೆ ಸಹಿ ಹಾಕಿದವಳು ನಾನೇ ಎಂದು ಹೇಳಲಿಲ್ಲ.

ಕಂಪ್ಯೂಟರಿನಲ್ಲಿ ಗೆರೆಯನ್ನು ಮತ್ತೆ ತೆರೆದೆ. ಉಪಗ್ರಹದ ಚಿತ್ರವೂ ಬೇಸಿಗೆಯದ್ದು. ಸುತ್ತಲಿನ ಹೊಲಗಳಂತೆಯೇ ಕಂದು ಬಣ್ಣದ ಒಂದು ದೊಡ್ಡ ಬಯಲು, ಅದರ ನಡುವೆ ಗಾಲಿಗಳ ಗುರುತು. ನೀರಿನ ಸುಳಿವೇ ಇಲ್ಲ. ಹಳ್ಳಿಯ ಹಳೆಯ ಕಂದಾಯ ನಕ್ಷೆಯನ್ನು ಕಪಾಟಿನಿಂದ ತೆಗೆದೆ. ನಿಜಾಮರ ಕಾಲದ ನಕ್ಷೆ, ಬರಹವೆಲ್ಲ ಉರ್ದು. ಜಿಪಿಎಸ್ ದಾಖಲೆ ಸಾಕು ಎಂದು ಸುತ್ತೋಲೆ ಬಂದ ಮೇಲೆ ಆ ಕಪಾಟಿನ ಬೀಗ ತೆಗೆದವರೇ ಇರಲಿಲ್ಲ. ನಾನು ಬಯಲು ಎಂದುಕೊಂಡ ಜಾಗ ನಕ್ಷೆಯಲ್ಲಿ ನೀಲಿಯಾಗಿತ್ತು. ಅದರ ಅಂಚಿನಲ್ಲಿ ಸೊಟ್ಟಸೊಟ್ಟಗೆ ಸುತ್ತಿ ಹೋಗುವ ಜೋಡಿ ಚುಕ್ಕೆಗೆರೆ, ಅದರ ಮಗ್ಗುಲಲ್ಲಿ ಎರಡು ಸಾಲು ಬರಹ.

ಉರ್ದು ಓದುತ್ತಿದ್ದ ಸಹೋದ್ಯೋಗಿ ನಿವೃತ್ತರಾದವರೇ. ಮಗನ ಮನೆಗೆಂದು ದೂರ ಹೋಗಿದ್ದರು. ಅಧಿಕೃತ ಅನುವಾದಕ್ಕೆ ಬರೆದರೆ ತಿಂಗಳು ಹಿಡಿಯುತ್ತದೆ. ತಡೆಯಲಾಗದೆ ನಕ್ಷೆಯ ನಕಲು ತೆಗೆಸಿ ಸಂಜೆ ಕೋಠಿಗೆ ಹೋದೆ. ಹಳೆಯ ಪುಸ್ತಕ ಮಾರುವ ಮುದುಕರೊಬ್ಬರು ಕನ್ನಡಕ ಒರೆಸಿಕೊಂಡು ಓದಿದರು. ಒಂದು ಸಾಲು ‘ಬಂಡಿಯ ದಾರಿ’. ಇನ್ನೊಂದು ‘ತುಂಬಿದ ನೀರಿನ ಗಡಿ’. ಓದಿದ್ದಕ್ಕೆ ಏನು ಕೊಡಲಿ ಎಂದರೆ, “ಏಕ್ ಕಿತಾಬ್ ಲೇ ಲೋ, ಬೇಟಿ” ಎಂದರು. ಐವತ್ತಾರರ ನನ್ನನ್ನು ಮಗಳೇ ಎಂದವರ ಮುಂದೆ ಚೌಕಾಶಿ ಮಾಡಲಾಗಲಿಲ್ಲ. ಓದಲು ಬಾರದ ಉರ್ದು ಪುಸ್ತಕವೊಂದನ್ನು ಕೊಂಡು ಬಸ್ಸು ಹತ್ತಿದೆ.

ಹೈದರಾಬಾದಿನಲ್ಲಿ ಈಗ ಫ್ಲ್ಯಾಟ್ ಕೊಳ್ಳುವ ಪ್ರತಿಯೊಬ್ಬರೂ ಮೊದಲು ಕೇಳುವುದು ಇದನ್ನೇ, ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆ ಎಂದು. ಕೂಕಟ್‌ಪಲ್ಲಿಯಲ್ಲಿ ಮನೆ ನೋಡುತ್ತಿದ್ದ ಪಕ್ಕದ ಮನೆಯವರಿಗೆ ನಾನೇ ಉಪದೇಶ ಮಾಡಿದ್ದೆ. ಅಂಥ ನಾನು ಕೆರೆಯ ಹೊಟ್ಟೆಯೊಳಗೆ ರಸ್ತೆ ಎಳೆದು ಎರಡು ಸಹಿ ಹಾಕಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಆ ಗೆರೆ ದಾಖಲಿಸಿ ಕಳಿಸಿದ್ದ ಕಿರಿಯ ಎಂಜಿನಿಯರಿಗೆ ಫೋನ್ ಮಾಡಿದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತೆಲುಗಿನಲ್ಲಿ ಗಾಬರಿಯಿಂದ ಹೇಳಿದರು: “ಮೇಡಂ, ನಾನು ಹೋದಾಗ ಹನಿ ನೀರಿರಲಿಲ್ಲ. ಊರವರೇ ಆ ದಾರೀಲಿ ಕರಕೊಂಡು ಹೋದರು. ಟ್ರ್ಯಾಕ್ಟರುಗಳೆಲ್ಲ ಹಾಗೇ ಹೋಗ್ತಿದ್ದವು.” ಕೆರೆ ಬಹಳ ವರ್ಷ ಬತ್ತಿ ಬಿದ್ದಿತ್ತಂತೆ. ಹೂಳೆತ್ತಿದ ಮೇಲೆ ಮೊದಲ ಒಳ್ಳೆಯ ಮಳೆ ಈಗ ಬಂದಿತ್ತು. ಕೆರೆಯಂಗಳದಲ್ಲೇ ಮಣ್ಣು ಏರಿಸಿ ಮೇಲೆ ರಸ್ತೆ ಹಾಕಿಬಿಡೋಣವೇ ಎಂದು ಕೇಳಿದರು. ಹಾಗೆ ಮಾಡಿದರೆ ಕೆರೆ ಎರಡು ಹೋಳಾಗುತ್ತದೆ, ನೀರಾವರಿಯವರು ಎಂದೂ ಒಪ್ಪುವುದಿಲ್ಲ ಎಂದೆ. ಕಡೆಗೆ ಮೆಲ್ಲಗೆ, “ಮೇಡಂ, ನನ್ನ ಹೆಸರು ಬರೀಬೇಡಿ” ಎಂದರು. ನಾನೇ ಬಂದು ನೋಡುತ್ತೇನೆ ಎಂದು ಫೋನಿಟ್ಟೆ.

ಆ ವಾರವೇ ಹೊರಟೆ. ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ, ನೆಲದ ಮಟ್ಟ ನೋಡುವ ಲೆವೆಲ್ ಯಂತ್ರವನ್ನೂ ಅದರ ಮೂರು ಕಾಲಿನ ಸ್ಟ್ಯಾಂಡನ್ನೂ ಅಳತೆಕೋಲನ್ನೂ ಬಸ್ಸಿನಲ್ಲಿ ಹಾಕಿಕೊಂಡು ಹೋದೆ. ಕಂಡಕ್ಟರು ಸ್ಟ್ಯಾಂಡಿಗೂ ಟಿಕೆಟ್ ಹರಿಯುತ್ತೇನೆಂದು ಹೆದರಿಸಿದ. ಜಹೀರಾಬಾದಿನಿಂದ ಕಿರಿಯ ಎಂಜಿನಿಯರು ಜೀಪಿನಲ್ಲಿ ಕರೆದೊಯ್ದರು. ಕೆರೆಯ ಹತ್ತಿರ ಫೋನ್ ಮಾಡಿದ ಹೆಂಗಸು ಕುಡುಗೋಲು ಹಿಡಿದು ಕಾಯುತ್ತಿದ್ದಳು. ನಲವತ್ತರ ಸುಮಾರು, ಗಟ್ಟಿ ಆಳು.

ಕೆರೆ ಸೊಗಸಾಗಿತ್ತು. ಅದರೊಳಗೆ ಕೆಂಪು ತಲೆಯ ಕಲ್ಲುಗಳು ಸಾಲಾಗಿ ನಿಂತಿದ್ದವು. ನಾನು ಬಹಳ ಹೊತ್ತು ಆ ಕಡೆ ನೋಡಲಿಲ್ಲ.

“ಆಚಿ ದಂಡಿಗಿ ನಮ್ಮ ಕಬ್ಬು ಅದರಿ” ಎಂದು ಅವಳು ಕೈ ತೋರಿಸಿದಳು. “ನಮ್ಮೂರಿನ ಅರ್ಧ ಮಂದಿದು ಅಲ್ಲೇ ಅದ. ನೀರು ಬಂತು ಅಂತ ಹಿಗ್ಗಿದ್ವಿ. ಈಗ ದಾರೀನೇ ಇಲ್ಲ. ಸುಗ್ಗಿಯೊಳಗ ಗಾಡಿ ಬರ್ಲಿಲ್ಲಂದ್ರ ಕಬ್ಬು ನಿಂತಲ್ಲೇ ಒಣಗ್ತದ. ಹೊತ್ತು ತರೋ ಮಾಲೇನ್ರಿ ಅದು?”

“ಹಳೇ ಬಂಡಿದಾರಿ ಇತ್ತಲ್ರಿ, ಕೆರಿ ಸುತ್ತ ಹೋಗೂದು?”

ಅವಳು ನನ್ನ ಮುಖ ನೋಡಿದಳು. “ಇತ್ರಿ. ನಮ್ಮ ಮಾವ ಹೇಳ್ತಿದ್ರು. ಅವ್ರು ಈ ಕೆರಿ ನೀರಟಿ ಇದ್ರು.” ತೂಬು ತೆಗೆದು, ಮುಚ್ಚಿ, ಹೊಲಹೊಲಕ್ಕೆ ಪಾಳಿಯ ಮೇಲೆ ನೀರು ಬಿಡುವವನನ್ನು ಆ ಕಡೆ ನೀರಟಿ ಎನ್ನುತ್ತಾರೆ. “ನಾ ಈ ಮನಿಗಿ ಬಂದಾಗಿಂದ ಕೆರಿ ತುಂಬಿದ್ದು ನೋಡಿದ್ದು ಇದೇ ಪಯಲಾ ಸಲ. ಮಾವ ನೋಡ್ಲಾರದೇ ಹೋದ್ರು.”

ಹಳೆಯ ದಾರಿಯ ಮೇಲೆ ಜಾಲಿ ಬೆಳೆದು ಕಾಡಾಗಿತ್ತು. ಅವಳು ಮುಂದೆ ಕಡಿಯುತ್ತ ಹೋದಳು, ಎಂಜಿನಿಯರು ಟೇಪು ಹಿಡಿದರು, ನಾನು ಯಂತ್ರ ಹೊತ್ತೆ. ಮೊದಲು ಕೋಡಿಯ ಹತ್ತಿರ ನಿಂತೆ. ತುಂಬಿದ ಕೆರೆಯ ಹೆಚ್ಚುವರಿ ನೀರು ದಾಟಿ ಹರಿಯುವ ಕಲ್ಲಿನ ಕಟ್ಟೆ ಅದು, ಅದಕ್ಕಿಂತ ಮೇಲೆ ನೀರು ನಿಲ್ಲುವುದಿಲ್ಲ. ಅದರ ಮಟ್ಟ ತೆಗೆದುಕೊಂಡು, ದಾರಿಯುದ್ದಕ್ಕೂ ಮೂವತ್ತು ಮೀಟರಿಗೊಂದು ಸಲ ಅಳತೆಕೋಲು ನಿಲ್ಲಿಸಿ ಮಟ್ಟ ನೋಡುತ್ತ ಹೋದೆ. ಕೋಲು ಹಿಡಿದವಳು ಅವಳೇ. ಒಂದು ಸಲವೂ ವಾಲಿಸಲಿಲ್ಲ.

ಸಂಜೆ ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು ಲೆಕ್ಕ ಮಾಡಿದೆ. ಕೋಡಿಯ ಹಳ್ಳ ದಾಟುವ ಒಂದು ಕಡೆ ಬಿಟ್ಟರೆ ಆ ದಾರಿ ಎಲ್ಲಿಯೂ ಕೋಡಿಗಿಂತ ಕೆಳಗೆ ಇಳಿದಿರಲಿಲ್ಲ. ಎಲ್ಲಿ ನೋಡಿದರೂ ಒಂದಡಿ, ಒಂದೂವರೆ ಅಡಿ ಮೇಲೆ. ನೆಲ ತಗ್ಗಾದಲ್ಲಿ ದಾರಿ ಹಿಂದೆ ಸರಿದಿತ್ತು, ಉಬ್ಬಿದಲ್ಲಿ ಮುಂದೆ ಬಂದಿತ್ತು. ಆ ಸೊಟ್ಟೆಲ್ಲ ನೀರನ್ನು ಕಂಡವರು ಮಾಡಿದ ಸೊಟ್ಟು. ಯಂತ್ರವಿಲ್ಲದೆ ಬಂಡಿಯ ಗಾಲಿಯಿಂದಲೇ ಇಷ್ಟು ಕರಾರುವಾಕ್ಕಾಗಿ ಎಳೆದಿದ್ದರು. ಮೂವತ್ತು ವರ್ಷ ಗೆರೆ ನೋಡಿದ ನನಗೆ ನಾಚಿಕೆಯಾಯಿತು. ಆಗಲೂ ಅವಳಿಗೆ ನಿಜ ಹೇಳಬೇಕೆಂದು ಬಾಯಿ ತೆರೆದೆ. ರೊಟ್ಟಿ, ಪುಂಡಿಪಲ್ಯ ಕಟ್ಟಿ ಕೈಗಿಟ್ಟಳು. ಬಾಯಿ ಮುಚ್ಚಿಕೊಂಡೆ.

ಹೈದರಾಬಾದಿಗೆ ಬಂದು ಮೇಲಧಿಕಾರಿಯ ಮುಂದೆ ಎಲ್ಲ ಇಟ್ಟೆ. ಒಳ್ಳೆಯ ಮನುಷ್ಯ, ನನಗಿಂತ ಚಿಕ್ಕವರು. ಬಾಗಿಲು ಹಾಕಿ ಕೂರಿಸಿದರು.

“ಅಮ್ಮಾ, ಇದನ್ನು ಜಿಲ್ಲೆಯವರೇ ಬದಲಾವಣೆ ಅಂತ ಕೇಳಲಿ. ನೀವು ಯಾಕೆ ನಡುವೆ ಬರ್ತೀರಿ?”

“ಹಾಗೆ ಕೇಳಿದರೆ ಹೊಸ ಪ್ರಸ್ತಾವ ಆಗುತ್ತದೆ ಸರ್. ಈಗಿನ ಮಂಜೂರಾತಿ ರದ್ದು. ಮುಂದಿನ ಪಟ್ಟಿಯ ಕೊನೆಗೆ ಹೋಗುತ್ತದೆ. ಅದು ಯಾವಾಗ ಬರುತ್ತದೋ.”

“ಮತ್ತೇನು ಮಾಡೋಣ?”

ನಿಯಮದ ಪುಸ್ತಕ ತೆರೆದು ತೋರಿಸಿದೆ. ನಮ್ಮ ಕಚೇರಿಯ ಪರಿಶೀಲನೆಯಲ್ಲೇ ದೋಷವಾಗಿದ್ದರೆ, ಮಂಜೂರಾದ ಮೊತ್ತ ಮೀರದ ಹಾಗೆ, ಅದೇ ಆದೇಶಕ್ಕೆ ತಿದ್ದುಪಡಿ ಮಾಡಬಹುದು. ಆದರೆ ದೋಷ ಯಾರದೆಂದು ಬರವಣಿಗೆಯಲ್ಲಿ ಬೇಕು. ಪರಿಶೀಲಿಸಿದವಳು ನಾನೊಬ್ಬಳೇ.

ಅವರು ಪುಸ್ತಕ ಮುಚ್ಚಿದರು. “ಬಡ್ತಿ ಪಟ್ಟಿ ಈ ತಿಂಗಳಲ್ಲೇ ಬರ್ತದೆ. ಇದನ್ನು ಕೊಟ್ಟರೆ ನಾನು ಮೆಮೊ ಕೊಡಲೇಬೇಕು. ಮೆಮೊ ಇದ್ದರೆ ಬಡ್ತಿ ನಿಲ್ಲುತ್ತದೆ. ನಿವೃತ್ತಿಗೆ ಇನ್ನೆಷ್ಟು ದಿನ ಇದೆ ನಿಮಗೆ? ಇನ್ನೊಂದು ಪಟ್ಟಿ ಸಿಗೋದಿಲ್ಲ. ಯೋಚನೆ ಮಾಡಿ.”

ಮೂರು ದಿನ ಯೋಚಿಸಿದೆ. ದೊಡ್ಡ ಧರ್ಮಸಂಕಟವೇನಲ್ಲ, ಸುಳ್ಳು ಹೇಳುವ ಮಾತೂ ಇರಲಿಲ್ಲ, ತಪ್ಪು ನನ್ನದೇ. ಆದರೂ ನಿದ್ದೆ ಬರಲಿಲ್ಲ. ಸಂಗಾರೆಡ್ಡಿಗೆ ಹೋಗುವುದನ್ನು ನಾನು ಎಷ್ಟು ಬಯಸಿದ್ದೆ ಎಂದು ಆಗಲೇ ತಿಳಿದದ್ದು. ಮಾತಾಡಿ ನೋಡೋಣವೆಂದರೆ ಪುಣೆಯಲ್ಲಿರುವ ತಂಗಿಯನ್ನು ಬಿಟ್ಟರೆ ಯಾರಿಲ್ಲ. ಅವಳು, “ಅಕ್ಕಾ, ಯಾರೋ ಏನೋ, ಅವರಿಗಾಗಿ ನೀ ಯಾಕ ಕಳ್ಕೊಂತಿ?” ಎಂದಳು. ಅವಳ ಮಾತೂ ಸರಿಯೇ. ಆದರೆ ಫೋನ್ ಇಟ್ಟ ಮೇಲೆ ಕಣ್ಣ ಮುಂದೆ ಬಂದದ್ದು ಕೋಲು ವಾಲದ ಹಾಗೆ ಹಿಡಿದು ನಿಂತ ಆ ಊರಿನ ಹೆಂಗಸಿನ ಕೈ.

ನಾಲ್ಕನೆಯ ದಿನ ಮೊದಲು ಎಸ್ಟಿಮೇಟಿಗೆ ಕೂತೆ. ಹಳೆಯ ದಾರಿ ನೇರ ದಾರಿಗಿಂತ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ, ಹಣ ಮಾತ್ರ ಮೊದಲಿನಷ್ಟೇ. ಡಾಂಬರು ಕೈಬಿಟ್ಟೆ. ಜಲ್ಲಿ ಹಾಕಿ ಒತ್ತಿ ಮೇಲೆ ಗರಸು ಮಣ್ಣಿನ ಮೊರಂ ಹಾಸುವುದೆಂದು ಬದಲಿಸಿದೆ. ಅಗಲವನ್ನು ಮೂರು ಮೀಟರಿಗೆ ಇಳಿಸಿ, ಎದುರು ಬರುವ ಗಾಡಿಗೆ ಸರಿಯಲು ನಾಲ್ಕು ಕಡೆ ಅಗಲ ಜಾಗ ಬಿಟ್ಟೆ. ಕೋಡಿಯ ಹಳ್ಳ ದಾಟುವಲ್ಲಿ ಮೋರಿಗೆ ದುಡ್ಡು ಸಾಲದು. ಹಳ್ಳದ ತಳಕ್ಕೇ ಕಾಂಕ್ರೀಟ್ ಹಾಸಿ, ನೀರು ಬಂದಾಗ ಮೇಲೆ ಹರಿದುಹೋಗುವ ಹಾಗೆ ಬಿಟ್ಟೆ. ವರ್ಷದಲ್ಲಿ ಕೆಲವು ದಿನ ದಾರಿ ನಿಲ್ಲುತ್ತದೆ, ಆದರೆ ಸುಗ್ಗಿಯಲ್ಲಿ ನಿಲ್ಲುವುದಿಲ್ಲ. ಕೊನೆಯಲ್ಲಿ ಮೊತ್ತ ಮಂಜೂರಾತಿಯೊಳಗೆ ಬಂದು ಕೂತಾಗ ಖಾಲಿ ಕೋಣೆಯಲ್ಲಿ “ಹಾಂ!” ಎಂದು ಕೂಗಿದೆ. ಜವಾನ ಬಾಗಿಲಲ್ಲಿ ಇಣುಕಿ ಹೋದ.

ಆಮೇಲೆ ಒಂದು ಪುಟದ ಪತ್ರ. ಹಳ್ಳಿಯ ಕಂದಾಯ ನಕ್ಷೆ ನನ್ನ ಕಪಾಟಿನಲ್ಲೇ ಇದ್ದರೂ ನೋಡಲಿಲ್ಲ, ಬೇಸಿಗೆಯ ದಾಖಲೆಯನ್ನು ಮಾತ್ರ ನಂಬಿ ಎರಡೂ ಸಹಿ ನಾನೇ ಹಾಕಿದೆ, ದೋಷ ನನ್ನದು. ಕಿರಿಯ ಎಂಜಿನಿಯರ ಹೆಸರು ಬರೆಯಲಿಲ್ಲ. ಎರಡನೆಯ ಸಹಿಗೆ ಜನ ಇಲ್ಲ ಎಂಬ ಮಾತನ್ನು ಬರೆದು ಹೊಡೆದುಹಾಕಿದೆ. ನಿಜವೇ ಆದರೂ ಅಲ್ಲಿ ಅದು ನೆವದಂತೆ ಕಾಣುತ್ತಿತ್ತು.

ಮೆಮೊ ಮೊದಲು ಬಂತು, ತಿದ್ದುಪಡಿ ಆದೇಶ ಆಮೇಲೆ. ಬಡ್ತಿಯ ಪಟ್ಟಿ ಬಂದ ದಿನ ನಾನು ರಜೆ ಹಾಕಿ ಮನೆಯಲ್ಲೇ ಮಲಗಿದೆ, ಸ್ವಲ್ಪ ಅತ್ತೆ. ವಿಚಾರಣೆಯ ಕೊನೆಗೆ ಒಂದು ಇನ್‌ಕ್ರಿಮೆಂಟ್ ತಡೆದರು. ದೊಡ್ಡ ಶಿಕ್ಷೆಯಲ್ಲ ಎಂದು ಎಲ್ಲರೂ ಹೇಳಿದರು. ದೀಪಾವಳಿ ಕಳೆದ ಮೇಲೆ ಆ ಊರಿನಲ್ಲಿ ಕೆಲಸ ಶುರುವಾದದ್ದು ಕಡತದಲ್ಲಿ ಬಂದ ಫೋಟೋಗಳಿಂದ ತಿಳಿಯಿತು. ಜಲ್ಲಿ, ರೋಲರ್, ಮೊರಂ. ದಾರಿಯ ಸೊಟ್ಟು ಸೊಟ್ಟಾಗಿಯೇ ಇತ್ತು.

ಸಂಕ್ರಾಂತಿಯ ಹಿಂದಿನ ವಾರ ಆ ಊರಿನ ಹೆಂಗಸಿನ ಫೋನ್ ಬಂತು. ಹಿಂದೆ ಟ್ರ್ಯಾಕ್ಟರಿನ ಸದ್ದು, ಜನರ ಗದ್ದಲ.

“ಮೇಡಂ, ಮೊದಲನೇ ಕಬ್ಬಿನ ಗಾಡಿ ಹೋತ್ರಿ! ಗಾಲಿ ಎಲ್ಲೂ ಸಿಗಬೀಳಲಿಲ್ಲ.”

“ಭಾಳ ಚಲೋ ಆತ್ರಿ.”

“ನಮ್ಮ ಎಂಜಿನಿಯರ್ ಸಾರಿಗಿ ಶಾಲು ಹೊಚ್ಚೀವ್ರಿ. ಪಾಪ, ಭಾಳ ಓಡಾಡ್ಯಾರ. ಹೈದರಾಬಾದಿನಾಗ ಯಾರೋ ನಕ್ಷಾ ತಪ್ಪು ನೋಡಿದ್ರಂತ, ತಾವೇ ಬರಕೊಟ್ಟು ಒಪ್ಕೊಂಡ್ರಂತ, ಅವ್ರಿಗಿ ಸಜಾ ಆತಂತ. ಸಾರ್ ಹೇಳ್ತಿದ್ರು. ಯಾರ್ರಿ ಅವ್ರು?”

ಸುಮ್ಮನೆ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಬರೆದು, ತೆಲುಗಿನಲ್ಲಿ ವಿಚಾರಣೆ ಮುಗಿಸಿದ ಮಾತನ್ನು ಒಮ್ಮೆ ನನ್ನ ಭಾಷೆಯಲ್ಲಿ ಯಾರಿಗಾದರೂ ಹೇಳಬೇಕೆನಿಸಿತು.

“ನಾನೇ ರಿ” ಎಂದೆ.

ಆ ಕಡೆ ಟ್ರ್ಯಾಕ್ಟರಿನ ಸದ್ದು ದೂರವಾಯಿತು. ಜನರಿಂದ ಆಚೆ ನಡೆದು ಬಂದಿರಬೇಕು.

“ಅವತ್ತ ದಿನಪೂರ್ತಿ ಕೋಲು ಹಿಡ್ಕೊಂಡು ನಿಮ್ಮ ಸಂಗಟ ತಿರಗೀನಿ. ಯಾಕ ಹೇಳ್ಲಿಲ್ರಿ?”

“ಅಂಜಿಕಿ ಬಂತ್ರಿ. ನೀವು ಏನಂತೀರೋ ಅಂತ.”

ಅವಳು ದನಿ ತಗ್ಗಿಸಿದಳು.

“ಬ್ಯಾಸಗ್ಯಾಗ ಜೀಪಿನಾಗ ಮುಂದ ಕುಂತು ದಾರಿ ತೋರ್ಸಿದಾಕಿ ನಾನೇ ರಿ” ಎಂದಳು. “ಕೆರಿಯೊಳಗಿಂದ ಹೊಡೀರಿ ಸಾರ್, ಅದೇ ಸೀದಾ ಅದ ಅಂದೆ. ನೀರಟಿ ಮನಿ ಸೊಸಿ ನಾನು. ಊರಾಗ ಇವತ್ತಿನ ತನಕ ಯಾರಿಗೂ ಬಾಯಿ ಬಿಟ್ಟಿಲ್ಲ.”

ನಾನು ಕುರ್ಚಿ ಎಳೆದುಕೊಂಡು ಕೂತೆ.

“ಒಬ್ಬಾಕಿನೇ ಯಾಕ ಬರಕೊಟ್ರಿ ಮೇಡಂ?” ಎಂದಳು ಅವಳು. “ನನ್ನ ಹೆಸರೂ ಹಾಕಬೇಕಿತ್ತಲ್ರಿ.”